ಅರ್ಧ ಮಿಲಿಮೀಟರ್

ಹಗಲೆಲ್ಲ ಹಲ್ಲು ಮಾಡ್ತೀನಿ ನಾನು.
ಕಲಬುರಗಿ ಸ್ಟೇಷನ್ ಹಿಂದ, ಬೋರ್ಡಿಲ್ಲದ ಕೋಣ್ಯಾಗ
ಡಾಕ್ಟರು ಕಳಿಸಿದ ಬಾಯಿ ಅಚ್ಚು, ಮೇಣ, ಪ್ಲಾಸ್ಟರು.
ಮುದುಕರು ಮತ್ತೊಮ್ಮೆ ಕಟಿರೊಟ್ಟಿ ಮುರಿಯೋ ಆಸೆ
ಗುಲಾಬಿ ವಸಡಿನ ಮ್ಯಾಲ ಸಾಲಾಗಿ ಒಣಗ್ತದ.

ರಾತ್ರಿ ಅದೇ ಟೇಬಲ್ಲಿನ ಮ್ಯಾಲ
ಆರ್‌ಎಕ್ಸ್ ನೂರರ ಸಿಲಿಂಡರು ಇಟ್ಟೆ.
ಬಾಜೂಕ ಅಂಬಾರಾಯರ ಕೆಳಗಿನ ಸೆಟ್ಟು,
ಭಾನುವಾರ ಕೊಡಬೇಕಾದ್ದು,
ಅರ್ಧ ಬಾಯಿಂದ ನಗ್ತಿತ್ತು.

ಬಾಯಿ ನೋಡಿ ನೋಡಿ ಪಳಗಿದ ಕಣ್ಣಿಗಿ
ಇದೂ ಒಂದು ಬಾಯೇ.
ಉಣ್ಣಲಿಕ್ಕೊಂದು ಪೋರ್ಟು, ಉಗುಳಲಿಕ್ಕೊಂದು,
ನಡುವ ಇಕ್ಕಟ್ಟಿನ ಓಣಿಗಳು.
ಮಸಿ ಕೂತು ಕೂತು ಗಂಟಲು ಕಟ್ಟ್ಯಾದ.
ಎರಕದಾಗ ಉಳಿದ ಗುಳ್ಳಿ ಬೆರಳಿಗಿ ಸಿಗ್ತಾವ
ಸಿಡುಬು ಬಂದು ಹೋದ ಮಾರಿ ಸವರಿದಂಗ.

ಒಳಗ ಕಾಗದ ಸುತ್ತಿ ಪೆನ್ಸಿಲ್ ತಿಕ್ಕಿದೆ.
ಕಿಂಡಿಗಳ ನಕ್ಷಾ ಮೂಡಿತು,
ಸಾಲ್ಯಾಗ ನಾಲ್ಕಾಣಿ ಮ್ಯಾಲ ಕಾಗದ ಇಟ್ಟು ತಿಕ್ಕಿದಂಗ.
ಹೊಗಿ ಹೋಗೋ ಕಿಂಡಿ ನೆತ್ತಿಗಿ ನೀಲಿ ಗೆರಿ ಎಳದೆ.
ಇಷ್ಟೇ. ಒಂದು ಮಿಲಿಮೀಟರ್.
ಗ್ಯಾರೇಜಿನ ಖಮರೋದ್ದೀನ್ ಎರಡು ಸಲ ಹೇಳಿದ್ದ:
“ಮೇಣಲ್ಲ ಉಸ್ತಾದ್ ಅದು.
ತೆಗದದ್ದು ತಿರುಗಿ ಹಚ್ಚಲಿಕ್ಕ ಬರಂಗಿಲ್ಲ.”

ಕೂಲರ್ ಬಂದ್ ಮಾಡಿದೆ, ಪುಡಿ ಹಾರ್ತದಂತ.
ಮೇ ತಿಂಗಳು. ಶಹಾಬಾದಿ ಫರಸಿ
ರಾತ್ರಿ ಹನ್ನೊಂದಕ್ಕೂ ಅಂಗಾಲು ಸುಡ್ತಿತ್ತು.
ಹಲ್ಲು ತಿದ್ದೋ ಮಷೀನು ಕಬ್ಬಿಣಕ್ಕ ತಾಗಿದಾಗ
ಅದರ ದನಿನೇ ಬ್ಯಾರೆ.
ಒಳಗಿಂದ ಜಗದೇವಿ:
“ಯಾರ ಹಲ್ಲದು, ಹಂಗ ಅಳಲಕತ್ತದ?”

“ನಮ್ದೇ” ಅಂದೆ.

ಡಾಕ್ಟರ ಸಣ್ಣ ಗುಂಡು ಕನ್ನಡಿ ಇಳಿಸಿ
ಓಣಿಯ ಮಾಳಿಗಿ ನೋಡಿದೆ.
ಮೊದಲು ಅರ, ಆಮ್ಯಾಲ ಬರ್ರು,
ಆಮ್ಯಾಲ ಕಡ್ಡಿಗಿ ಸುತ್ತಿದ ಎಮರಿ ಪೇಪರು ಸೀಮೆಎಣ್ಣ್ಯಾಗ ಅದ್ದಿ.
ಉಗುಳೋ ಬಾಯಿಗಿ ಮಾತ್ರ ಕನ್ನಡಿ ಹೊಳಪು.
ಉಣ್ಣೋ ಬಾಯಿ ತುಸು ಒರಟೇ ಇರಲಿ,
ಪೆಟ್ರೋಲು ಗ್ವಾಡಿಗಿ ಜಾರಿ ಹನಿಗಟ್ಟಬಾರದು.
ಅಂಚಿನ ಚೂಪೆಲ್ಲ ಮುರಿದೆ.
ಬಿಟ್ಟರ ರಿಂಗು ಸಿಕ್ಕು ಒಡೀತದ,
ಹೊಸ ಸೆಟ್ಟು ನಾಲಗಿ ಕೊಯ್ದಂಗ.

ಒಂದು ರಾತ್ರಿ ಗೆರಿ ತನಕ.
ಒಂದು ರಾತ್ರಿ ಹೊಳಪು.
ಮೂರನೇ ರಾತ್ರಿ ಏನೂ ಕೆಲಸ ಉಳದಿರಲಿಲ್ಲ.
ಅದೇ ತಪ್ಪಾತು.
ಸುಮ್ನ ಸವರಿಕೋತ ಕುಂತ ಕೈ
ನೀಲಿ ಗೆರಿ ದಾಟಿತ್ತು.
ಅರ್ಧ ಮಿಲಿಮೀಟರ್.
ಬೆರಳಿಗಿ ಗೊತ್ತಾಗಂಗಿಲ್ಲ, ಬಾಯಿಗಿ ಗೊತ್ತಾಗ್ತದ.
ಇಪ್ಪತ್ತೆರಡು ವರ್ಷ ಮಂದಿಗಿ ಇದನ್ನೇ ಹೇಳಿಕೋತ ಬಂದೀನಿ.

ಬಿಸಿನೀರು, ಸಾಬೂನು, ಹಳೇ ಬ್ರಶ್ಶು.
ಜಗದೇವಿಯ ಹರಕು ಸೀರಿಲಿಂದ ಒರಸಿ
ಎಣ್ಣಿ ಕುಡಿಸಿ ಕೂಡಿಸಿದೆ.
ಖಮರೋದ್ದೀನ್ ಬಂದ. ಕಿಕ್ ಹೊಡದ.
ಕಣ್ಣು ಮುಚ್ಚಿ ಕೇಳಿದ.
“ಎಷ್ಟು ತೆಗದಿ?”
“ಒಂದು.”
“ಒಂದೂವರಿ” ಅಂದ, ಮುಂದ ಮಾತಾಡಲಿಲ್ಲ,
ಚಹಾ ಕುಡದು ಹೋದ.

ಭಾನುವಾರ ಇಬ್ಬರೂ ಹೊಂಟಿವಿ
ಅಂಬಾರಾಯರಿಗಿ ಸೆಟ್ಟು ಕೊಡಲಿಕ್ಕ.
ತೊಗರಿ ಲಾರಿ ಹಿಂದ ನಿಧಾನ ಆದರ ಸಾಕು,
ಗಾಡಿ ಕೆಮ್ಮತದ, ಮುಗ್ಗರಸ್ತದ, ನಿಲ್ತದ.
ಎರಡು ಸಲ ಇಳದಳು. ಮೂರನೇ ಸಲ
ಸೆರಗು ಸೊಂಟಕ್ಕ ಸಿಗಿಸಿ ಹತ್ತಿದಳು.
ಮದುವ್ಯಾದಾಗಿಂದ ಹಿಂದ ಕುಂತು
ಸಾವಕಾಶ, ಸಾವಕಾಶ ಅಂದಾಕಿ
ನನ್ನ ಹೆಗಲು ಹಿಡದು ಅಂದಳು:
“ಜೋರಾಗೇ ಹೋಗ್ರಿ ಇನ್ನ. ಇದಕ್ಕ ಅದೊಂದೇ ಬರ್ತದ.”

ಗೇರ್ ಇಳಿಸಿ ಕಿವಿ ಹಿಂಡಿದೆ.
ಒಂದು ಗಳಿಗಿ ಏನಿಲ್ಲ,
ಆಮ್ಯಾಲ ಒಮ್ಮೆಲೇ ಒಳಗ ಯಾರೋ ಬಾಗಿಲು ತೆಗದರು.
“ಅಯ್ಯ ನಮ್ಮವ್ವ” ಅಂದಳು,
ಆಮ್ಯಾಲ ನಗಲಿಕ್ಕ ಹತ್ತಿದಳು.
ಸೇಡಂ ರೋಡಿಗಿ ಊರು ಮುಗದು
ಕರಿ ಹೊಲ ಶುರುವಾದ ಮ್ಯಾಲ ನೆನಪಾತು,
ಅಂಬಾರಾಯರ ಮನಿ ಯಾವಾಗೋ ದಾಟಿತ್ತು.
ಚೀಲದ ಡಬ್ಬ್ಯಾಗ ಅವರ ಹಲ್ಲು
ಕಟಕಟ, ಕಟಕಟ.