ಇಪ್ಪತ್ತೊಂದು ಸೆಕೆಂಡು

ಪರದೆಯಾಚೆ ಡೂಲನ್, ನಲ್ಲಿ ಬಿಟ್ಟುಕೊಂಡು ನಿಂತಿದ್ದಾನೆ.
ಈಚೆ ನಾನು. ಎದೆಗೆ ತಲೆಕೆಳಗಾಗಿ ಸಿಕ್ಕಿಸಿದ ಗಡಿಯಾರ.
ಡಬ್ಬೋ ಆಸ್ಪತ್ರೆ, ರಾತ್ರಿ ಮೂರೂಕಾಲು,
ಕ್ಯಾಥೆಟರ್ ತೆಗೆದು ಐದು ತಾಸು.
ಬೆಳಗಾಗುವುದರೊಳಗೆ ಹೊಯ್ದರೆ ಮನೆಗೆ,
ಇಲ್ಲದಿದ್ದರೆ ಮತ್ತೆ ಅದೇ ನಳಿಗೆ.

ಮೃಗಾಲಯದ ಡಾಕ್ಟರು ಮೊರಾಗ್ ಒಮ್ಮೆ ಹೇಳಿದ್ದಳು, ಬೇಲಿಗೊರಗಿ:
ಆನೆಗೂ ಸುಮಾರು ಇಪ್ಪತ್ತೊಂದು ಸೆಕೆಂಡು, ಆಡಿಗೂ ಅಷ್ಟೇ.
ಚೀಲ ದೊಡ್ಡದಾದಷ್ಟು ಕೊಳವೆ ಉದ್ದ,
ನೀರಿನ ಭಾರವೇ ನೀರನ್ನು ಎಳೆದುಕೊಳ್ಳುತ್ತದೆ.
ಇಲಿಗೆ ಮಾತ್ರ ಧಾರೆಯಿಲ್ಲ, ಹನಿ.
ಗಲಾ ಗಿಳಿಗೆ ಚೀಲವೇ ಇಲ್ಲ, ರೆಕ್ಕೆಗೆ ಯಾಕೆ ಹೊರೆ?
ಒಳನಾಡಿನ ಮರಳಲ್ಲಿ ಕುಪ್ಪಳಿಸುವ ಇಲಿಯೊಂದು
ನೀರು ಮುಟ್ಟದೆ, ಒಣಬೀಜದಲ್ಲೇ ತೇವ ಹಿಂಡಿ
ಪಾಕದಂಥ ಒಂದೇ ತೊಟ್ಟು ಬಿಡುತ್ತದಂತೆ, ಜಿಪುಣಿ.

"ಸಿಸ್ಟರ್, ಇದ್ದೀಯಾ?"
ಇದ್ದೇನೆ.
"ನಲವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸಿದೆ.
ಮೊಣಕಾಲ ನಡುವೆ ಹಿಡಿದರೆ ಸಾಕು, ಬಿಟ್ಟೇಬಿಡುತ್ತಿದ್ದವು
ಬಿಸಿಬಿಸಿ, ಬೂಟಿನೊಳಕ್ಕೇ.
ಒದ್ದಿದ್ದೇನೆ ಅದಕ್ಕೆ.
ಈಗ ನೋಡು, ಅವುಗಳ ಮೇಲೆ ಹೊಟ್ಟೆಕಿಚ್ಚು."

ನಗಬಾರದು ಅಂದುಕೊಂಡೆ, ನಕ್ಕೆ.
ಅವನೂ ನಕ್ಕ.
ಒಳಗೆಲ್ಲೋ ಗಂಟು ಸಡಿಲಿತೋ ಏನೋ,
ನಲ್ಲಿಯ ಸದ್ದಿನೊಳಗೆ ಇನ್ನೊಂದು ಸದ್ದು,
ಮೊದಲು ಇಲಿಯದು. ತಡೆದು, ಮತ್ತೆ ಇಲಿಯದೇ.
ಆಮೇಲೆ ಆಡಿನದು.

ಹನ್ನೊಂದು, ಹನ್ನೆರಡು...
ನಲ್ಲಿ ನಿಲ್ಲಿಸಿದ. ಇದು ನಿಲ್ಲಲಿಲ್ಲ.
ನಲವತ್ತು ದಾಟಿತು, ಮೊರಾಗಳ ಲೆಕ್ಕ ತಪ್ಪಿತು,
ಎಣಿಸುವುದು ಬಿಟ್ಟೆ.

ಚಾರ್ಟಿನಲ್ಲಿ ಬರೆದೆ: ಮುನ್ನೂರ ಹತ್ತು ಎಂ.ಎಲ್.
ಆಗ ಹೊಳೆಯಿತು,
ಪಾಳಿ ಶುರುವಾದಾಗಿನಿಂದ ನಾನೇ ಹೋಗಿಲ್ಲ.