ಎಫ್‌ಸಿ

ಕುಂಬಾರಗುಂಡಿಯ ಓಣಿಯಲ್ಲಿ ಬಾನೆಟ್ ಎತ್ತಿ
ಬೆಲ್ಟಿಗೆ ಬೆರಳಿಟ್ಟು ಸುಮ್ಮನೆ ನಿಂತರು ದಸ್ತಗೀರ್ ಸಾಬರು.
"ಏನಮ್ಮ, ಇದು ಕುಡಿಯೋದು ಡೀಸೆಲ್ಲೋ, ಬರೀ ಬೀಡಿಯೋ?"

ಶಾಮಿಯಾನದ ಕಂಬ, ಅನ್ನದ ಕೊಳಗ,
ಮಡಚು ಕುರ್ಚಿ ಇನ್ನೂರು,
ಮದುವೆಗೂ ತಿಥಿಗೂ ಒಂದೇ ಬಾಡಿಗೆಗೆ
ಹೊತ್ತು ತಿರುಗಿದ ಗಾಡಿ.
ತಳ ತುಕ್ಕು ತಿಂದು
ಕಾಲಡಿಯ ತೂತಲ್ಲಿ ಮೈಸೂರು ರಸ್ತೆ ಓಡುತ್ತಿತ್ತು.
ಒಮ್ಮೆ ನನ್ನ ಎಡಗಾಲ ಚಪ್ಪಲಿ
ನಾಯಂಡಹಳ್ಳಿಯಲ್ಲಿ ತಾನೇ ಇಳಿದು ಹೋಯಿತು.

ಹದಿನೇಳು ದಿನ.
ಗುಜರಿಯಿಂದ ಒಂದು ಗೇರ್‌ಬಾಕ್ಸು,
ಯಾವ ಊರಿನ ಏರು ಹತ್ತಿತ್ತೋ.
ತಗಡಿಗೆ ವೆಲ್ಡಿಂಗು, ಹೊಸ ಬ್ರೇಕ್ ಶೂ,
ನನ್ನ ಓಲೆ ಸೇಟು ಅಂಗಡಿಯಲ್ಲಿ.
ಇದನ್ನು ಸಾಬರಿಗೆ ಹೇಳಲಿಲ್ಲ.

ಎಫ್‌ಸಿ ದಿನ ಇನ್‌ಸ್ಪೆಕ್ಟರು
ಬ್ರೇಕ್ ತುಳಿಸಿದರು, ದೀಪ ಹಾಕಿಸಿದರು,
ಬಗ್ಗಿ ನೋಡಿ "ಗಟ್ಟಿಯಿದೆ" ಅಂದರು.
ಗಾಡಿಗೆ ಅಂದದ್ದು.
ನಾನು ಸೆರಗು ಸರಿಮಾಡಿಕೊಂಡೆ.

ಸಂಜೆ ನಮ್ಮ ಬೀದಿಗೆ ಬಂದರೆ
ಸದ್ದೇ ಇಲ್ಲ.
ಮೂರು ತಿರುವಿನಾಚೆಯಿಂದಲೇ ಗುರುತು ಹಿಡಿದು
ಗೇಟು ತೆಗೆಯುತ್ತಿದ್ದ ಪುಟ್ಟಲಿಂಗ
ಒಳಗೆ ಹಂಡೆ ಉಜ್ಜುತ್ತಲೇ ಇದ್ದ.
ಹಾರನ್ ಒತ್ತಿದೆ.
ಇಣುಕಿ ಕೇಳಿದ:
"ಯಾರು ಬೇಕಿತ್ತು?"