ಸೇರು

ಕೆಲಸಕ್ಕ ಸೇರಿ ಹನ್ನೊಂದು ವರ್ಷಾತು.
ಕೆಲಸ ಸೇರಲಿಲ್ಲ.
ನಮ್ಮ ಬ್ಯಾಡಗಿ ಕಡೆ ಎರಡಕ್ಕೂ ಒಂದ ಮಾತು,
ಅದಕ್ಕ ಮನ್ಯಾಗ ಯಾರಿಗೂ ಈ ಫರಕು ತಿಳಿದಿಲ್ಲ.

ನಾಕು ತಿಂಗಳ ಮಟ್ಟಿಗೆ ಅಂತ ಬಂದವ ನಾನು,
ಬಿ.ಎಡ್. ಫಲಿತಾಂಶ ಬರೋತನಕ
ಹಾಲಪ್ಪ ಸಾವ್ಕಾರ್ರ ದಲಾಲಿ ಅಂಗಡ್ಯಾಗ
ತೂಕದ ಪಟ್ಟಿ ಬರಿಯಾಕ.
ಫಲಿತಾಂಶ ಬಂತು. ಪಾಸೂ ಆದೆ.
ಪಟ್ಟಿ ಮಾತ್ರ ಮುಗಿದಿಲ್ಲ.

ಸೋಮವಾರ, ಗುರುವಾರ ಮಾರ್ಕೆಟ್ಟು.
ನಸುಕಿನ್ಯಾಗ ಲಾರಿ ನಿಂತಿರ್ತಾವು
ಮೋಟೆಬೆನ್ನೂರ ರಸ್ತೆತನಕ.
ಚೀಲದ ಬಾಯಿ ಬಿಚ್ಚಿದರ ಇಡೀ ಊರಿಗೆ ಸೀನು.
ಎಲಿ ಅಡಿಕಿ ಹಾಕ್ಕೊಂಡ ಮುದುಕಿ ತುಟಿಯಂಥಾ ಕಾಯಿ,
ಸುಕ್ಕು ಸುಕ್ಕು, ಕೆಂಪು ಕೆಂಪು.
ಹೊರಗಿನವರು ಫೋಟೋ ತಗೋತಾರ.
ನಾ ಬರೀತೀನಿ: ಲಾಟ್ ನಂಬರ್, ಚೀಲ, ಕಿಲೋ, ಗ್ರಾಂ.
ಕಣ್ಣಾಗಿನ ನೀರು ಅಂಗಿ ತೋಳಿಗೆ ಒರಸಿ
ಮತ್ತ ಬರೀತೀನಿ.
ಇದರಾಗ ಖಾರ ಎಷ್ಟು, ಅತ್ತದ್ದೆಷ್ಟು,
ಬ್ಯಾರೆ ಮಾಡಿ ತೂಗೋ ಕಾಟಾ ಇನ್ನೂ ಬಂದಿಲ್ಲ.

ಹೋದ ವರ್ಷ ಒಬ್ಬ ಸಾಹೇಬ ಬಂದಿದ್ದ,
ಹುಬ್ಬಳ್ಳಿಯಿಂದ, ಟೈ ಕಟಗೊಂಡು.
ನಮ್ಮನ್ನ ಸಾಲಾಗಿ ಕುಂದ್ರಿಸಿ, ಗ್ವಾಡಿ ಮ್ಯಾಲ ಚಿತ್ರಾ ಬಿಟ್ಟು
‘ಮಾಡೋ ಕೆಲಸವನ್ನ ಪ್ರೀತಿಸಿ’ ಅಂದ.
ಅಂದವನ ಸೀನಿದ. ಒಂಬತ್ತು ಸಲ.
ಹಮಾಲಿ ದುರಗಪ್ಪ ಎಣಿಸಿದ್ದ, ಎಣಿಸೋದು ಅವನ ಚಟ.
ಚಹಾ ಬರೋದರಾಗ ಸಾಹೇಬ ಕಾರು ಹತ್ತಿದ್ದ.
ಅವನ ಪಾಲಿನ ಚಹಾನೂ ನಾವ ಕುಡದ್ವಿ.
ಚಲೋ ಇತ್ತು.

ತೊಟ್ಟು ಬಿಡಿಸೋ ಹೆಣ್ಮಕ್ಕಳು ಕುಂತಿರ್ತಾರ,
ಮೂಗಿಗೆ ಸೆರಗು, ಬೆರಳಿಗೆ ಅರಿವಿ,
ಕಿಲೋಕ್ಕ ಇಷ್ಟು ಅಂತ ಲೆಕ್ಕ.
ಒಂದಿನ ಫಕೀರವ್ವನ್ನ ಕೇಳಿದೆ,
‘ಏನಬೇ, ಈ ಕೆಲಸ ನಿನಗ ಸೇರತೈತೇನು?’
ಆಕಿ ಕೈ ನಿಲ್ಲಲಿಲ್ಲ.
‘ಸೇರಾಕ ಇದೇನು ಗಂಡೇನೋ ಮಾಲತೇಶಾ?
ಗಂಡನ್ನರ ಯಾರು ಕೇಳಿ ಕೊಟ್ಟಾರ ನನಗ!’
ಸಾಲಿಗೆ ಸಾಲ ನಕ್ಕಿತು.
ನಕ್ಕರ ಕೆಮ್ಮು, ಕೆಮ್ಮಿದರ ಮತ್ತ ನಗಿ.
ನಾನೂ ನಕ್ಕೆ.
ಪ್ರಶ್ನೆ ತೊಟ್ಟಿನ ರಾಶ್ಯಾಗ ಬಿತ್ತು.

ಶನಿವಾರ ಬಟವಡೆ.
ನೋಟು ಎಣಸಾಕ ಅವರು ಬೆರಳು ನಾಲಿಗಿಗೆ ಮುಟ್ಟಸಂಗಿಲ್ಲ,
ಸುಟ್ಟಂಗ ಆಕ್ಕೈತಿ.
ನನ್ನ ಮೇಜಿನ ಮ್ಯಾಲ ಹಸಿ ಸ್ಪಂಜು ಐತಿ.
‘ನೀನ ಎಣಿಸಿ ಕೊಡಪಾ’ ಅಂತ ಮುಂದ ಹಿಡೀತಾರ.
ಎಣಿಸೋವಾಗ ಫಕೀರವ್ವ ನನ್ನ ಕೈ ನೋಡಂಗಿಲ್ಲ,
ಮಾರಿ ನೋಡತಾಳ.
ಇದು ಪಟ್ಟ್ಯಾಗಿಲ್ಲದ ಕೆಲಸ. ಪಗಾರಿಲ್ಲ.
ಇದರಾಗ ಮಾತ್ರ ಒಂದು ಸಲಾನೂ ತಪ್ಪಿಲ್ಲ ನಾನು.

ಹಂಗಂದ್ರ ಸುಖಾ ಐತಿ ಅಂತ ತಿಳೀಬ್ಯಾಡ್ರಿ.
ಹುಬ್ಬಳ್ಳ್ಯಾಗ ಟೈಲ್ಸ್ ಅಂಗಡಿಗೆ ಹೋಗಿದ್ದೆ, ಮೂರು ದಿನ.
ತಂಪು ಗಾಳಿ. ಬಿಳಿ ಬಿಳಿ ಹಾಸು. ಸೀನಿಲ್ಲ.
ಪಗಾರ ಸಾವಿರದೆಂಟನೂರು ಕಡಿಮಿ,
ಮ್ಯಾಲ ಬಸ್ಸಿನ ಪಾಸು.
ವಾಪಸ್ ಬಂದೆ.
ಸಾವ್ಕಾರ್ರು ಏನೂ ಕೇಳಲಿಲ್ಲ.
ಪೆನ್ನು ನಾ ಇಟ್ಟಲ್ಲೇ ಇತ್ತು.
ಅದಕ್ಕ ಹೆಚ್ಚು ನೋವಾತು.

ಒಂದು ಗುಟ್ಟು ಐತಿ, ದುರಗಪ್ಪಗ ಹೇಳಬ್ಯಾಡ್ರಿ.
ಚೀಲ ಕಾಟಾಕ್ಕ ಇಡೋಕ್ಕಿಂತ ಮೊದಲ
ಮನಸ್ನ್ಯಾಗ ಒಂದು ಅಂಕಿ ಹೇಳಕೊಂತೀನಿ:
ಮೂವತ್ತೆರಡು ಕಿಲೋ ನಾನೂರು.
ಕೆಂಪು ಅಂಕಿ ಕುಣಿದು, ಕುಣಿದು,
ನಿಂತದ್ದು ಅಲ್ಲೇ!
ಆ ಗಳಿಗ್ಯಾಗ ಏನೋ ಒಂದು,
ಸೇರಲ್ಲ, ಅಚ್ಚೇರಲ್ಲ, ಪಾವಸೇರೂ ಅಲ್ಲ,
ಛಟಾಕಿನಷ್ಟು,
ಎದಿಗೆ ಸೇರತೈತಿ.
ಅಷ್ಟರಾಗ ಮುಂದಿನ ಚೀಲ.

ರಾತ್ರಿ ಕೊಬ್ಬರಿ ಎಣ್ಣಿ, ಸಾಬೂನು, ಮತ್ತ ಎಣ್ಣಿ.
ಆದರೂ ಮಗಳ ಗಲ್ಲ ಮುಟ್ಟಾಕ ಅಂಜಿಕಿ,
ಮೊಣಕೈಲೆ ಮುಟ್ಟತೀನಿ.
ಸಾಲ್ಯಾಗ ಬರಕೊಂಡು ಬಾ ಅಂದಾರಂತ,
ಪೆನ್ಸಿಲ್ ಕಚ್ಚಿ ಕುಂತಾಳ.
‘ಅಪ್ಪಾ, ನಿನಗ ಏನೇನು ಸೇರತೈತಿ?’
ಐದರತನಕ ನಂಬರ್ ಹಾಕಿ ಜಾಗಾ ಬಿಟ್ಟಾಳ.
‘ಮಂಡಕ್ಕಿ, ಮಿರ್ಚಿ,’ ಅಂದೆ.
ಬರದು ತಲಿ ಎತ್ತಿದಳು. ‘ಆಮ್ಯಾಲ?’
‘ತಡಿ,’ ಅಂದೆ,
‘ಇನ್ನೊಮ್ಮೆ ಕೈ ತೊಳಕೊಂಡು ಬರ್ತೀನಿ.’